ಬಿಳಿ ತಟ್ಟೆಯ ಮೇಲೊಂದು ಚುಕ್ಕೆ

ಹುಣಸೂರು, ರಾತ್ರಿ ಹನ್ನೆರಡೂವರೆ

ಅಕ್ಕಾ,

ಕ್ಷೇಮವಾಗಿದ್ದೀನಿ, ನೆಗಡಿಯೂ ಇಲ್ಲ ಅಂತ ಅಮ್ಮನಿಗೆ ಹೇಳು. ಚುಂಚನಕಟ್ಟೆಯಲ್ಲಿ ಕಾವೇರಿ ಮೈದುಂಬಿ ಧುಮುಕ್ತಿದ್ದಾಳೆ, ಪಿರಿಯಾಪಟ್ಟಣದ ಕಡೆ ಎಲ್ಲೆಲ್ಲೂ ಶುಂಠಿ. ಫೋಟೊ ಕಳಿಸಿದ್ದೀನಲ್ಲ, ಅಷ್ಟು ಸಾಕು.

ಎಚ್.ಡಿ. ಕೋಟೆ ಹತ್ತಿರ ಬಸ್ ಕೆಟ್ಟು ನಿಂತಿತು. ಸೋನೆಮಳೆ. ಹೊಗೆಸೊಪ್ಪಿನ ಬ್ಯಾರನ್ ಪಕ್ಕದ ಮನೆಯ ಅಜ್ಜಿ ಕರೆದು ಜಗಲಿ ಮೇಲೆ ಕೂರಿಸಿದರು. ಮುದ್ದೆ, ಬಸ್ಸಾರು, ಹುಚ್ಚೆಳ್ಳು ಚಟ್ನಿ. ಸಾಕು ಅನ್ನೋದ್ರೊಳಗೆ ಇನ್ನರ್ಧ ಮುದ್ದೆ ಬಿತ್ತು. ಕೈ ತೊಳೆಯೋಕೆ ಹಿತ್ತಿಲಿಗೆ ಹೋದರೆ ಹಲಸಿನ ಮರದಡಿ ಕೊಳೆತ ಎಲೆ ರಾಶಿ! ಎಲೆ ಕೊಡವಿ ಪುಟ್ಟ ಜೀವಿ ಹುಡುಕೋ ನನ್ನ ಚಟ ನಿನಗೆ ಗೊತ್ತಲ್ಲ, ಒಂದು ಬಿಳಿ ಪಿಂಗಾಣಿ ತಟ್ಟೆ ಕೇಳಿದೆ. ಪಾಪ, ಇನ್ನೂ ಹಸಿವೇನೋ ಅಂತ ಅಜ್ಜಿ ಅದರ ತುಂಬ ಅನ್ನ ಬಡಿಸಿಕೊಂಡು ಬಂದರು. ಅದನ್ನೂ ಉಂಡು, ತಟ್ಟೆ ತೊಳೆದು, ಎಲೆ ಕೊಡವಿದೆ.

ರಾಗಿಕಾಳಿಗಿಂತ ಚಿಕ್ಕದೊಂದು ಚುಕ್ಕೆ ನಡೆಯಿತು. ಭೂತಗನ್ನಡಿ ಹಿಡಿದರೆ ಗುಂಡನೆ ಹೊಟ್ಟೆ, ಕಪ್ಪು ಕಣ್ಣು, ಮೊಣಕೈ ಮಡಚಿದಂಥ ಉದ್ದ ಮೀಸೆ. ಬೆರಳು ತಂದೆ, ಟಪ್ ಅಂತ ಮಾಯ.

"ಚಿಗಟ!" ಅಂದರು ಅಜ್ಜಿ.

ಅಲ್ಲಜ್ಜಿ, ಚಿಗಟ ಕಾಲಿಂದ ನೆಗೆಯುತ್ತೆ, ಇದು ಬಾಲದಿಂದ ಅಂದೆ. ಹೊಟ್ಟೆ ಕೆಳಗೆ ಕವಲುಬಾಲ ಮಡಚಿ ಕೊಂಡಿ ಹಾಕಿರುತ್ತೆ. ಕೊಂಡಿ ಬಿಟ್ಟರೆ ಬಾಲ ನೆಲಕ್ಕೆ ಬಡಿದು ಹಿಂಪಲ್ಟಿ. ಇದರ ಬಳಗದ ಒಂದು ಜಾತಿ ಸೆಕೆಂಡಿಗೆ 368 ಸುತ್ತಿನ ವೇಗದಲ್ಲಿ ಪಲ್ಟಿ ಹೊಡೆಯುತ್ತೆ ಅಂತ ಅಮೆರಿಕದವರು 2024ರಲ್ಲಿ ಬರೆದಿದ್ದಾರೆ.



ಆರು ಕಾಲಿದ್ದರೂ ಇದನ್ನ ಈಗ ಕೀಟಗಳ ಸಾಲಿಗೆ ಸೇರಿಸಲ್ಲ. ಬಾಯಿಯ ಅಂಗಗಳೆಲ್ಲ ತಲೆಯೊಳಗೇ ಅಡಗಿರುತ್ತವೆ, ಅದಕ್ಕೇ ಕೊಲೆಂಬೊಲಾ ಅಂತ ಬೇರೆ ಮನೆ. ಆ ಮನೆಯಲ್ಲಿ ನಾಲ್ಕು ಪಾಲು: ಎರಡು ಉದ್ದ ಮೈಯವು, ಎರಡು ಉಂಡೆ ಮೈಯವು. ಉಂಡೆಗಳಲ್ಲಿ ನೀಲಿಪ್ಲಿಯೋನಾಕ್ಕೆ ಕಣ್ಣಿಲ್ಲ, ಮೀಸೆ ಗಿಡ್ಡ. ಅಜ್ಜಿಯ ತಟ್ಟೆಯಲ್ಲಿದ್ದದ್ದು ಇನ್ನೊಂದು, ಸಿಂಫಿಪ್ಲಿಯೋನಾ. ಮೊದಲು ಎರಡೂ ಒಂದೇ ಪಾಲಿನಲ್ಲಿದ್ದವು, ಆಮೇಲೆ ಹಿಸೆಯಾಯಿತು.

ನಿನ್ನ ತುಳಸಿ ಕುಂಡಕ್ಕೆ ನೀರು ಹಾಕಿದಾಗ ನೆಗೆಯುತ್ತವೆ ಅಂತ ಬೈತೀಯಲ್ಲ, ಅವೂ ಇದರ ದಾಯಾದಿಗಳೇ ಇರಬೇಕು. ಆಸ್ಟ್ರೇಲಿಯಾದಲ್ಲಿ ಕುದುರೆಮಸಾಲೆ ಮೇಯುವ ಒಂದು ಉಂಡೆ ಜಾತಿ ರೈತರನ್ನು ಗೋಳಾಡಿಸುತ್ತೆ ನಿಜ. ಆದರೆ ಕುಂಡದವು ತಿನ್ನೋದು ಬೂಸ್ಟು, ಕೊಳೆತದ್ದು.

ಅಜ್ಜಿ ದುಡ್ಡು ಮುಟ್ಟಲಿಲ್ಲ. "ನಿನ್ನ ಚಿಗಟ ಮರಿ ಹಾಕಿದ್ರೆ ಹೇಳಿ ಕಳಿಸ್ತೀನಿ" ಅಂದರು. ಮರಿ ಅಂದಾಗ ನೆನಪಾಯ್ತು, ನೀರಿನ ಮೇಲೆ ಬದುಕೋ ಉಂಡೆಗಳಲ್ಲಿ ಗಂಡು ಹೆಣ್ಣಿನ ಮೀಸೆ ಹಿಡಿದು ನೇತಾಡುತ್ತೆ, ಅವಳೇ ಅವನನ್ನ ಎತ್ತಿಕೊಂಡು... ಕಣ್ಣು ಎಳೀತಿದೆ, ಬಂದ ಮೇಲೆ ಹೇಳ್ತೀನಿ. ಅಲ್ಲಿವರೆಗೆ ಆ ಕುಂಡಕ್ಕೆ ಔಷಧಿ ಹೊಡೀಬೇಡ.