ನಿದ್ದೆ ಎಂದುಕೊಂಡದ್ದು

ಕಳೆದ ಡಿಸೆಂಬರಿನ ಒಂದು ಭಾನುವಾರ ಕೆಳಗಿನ ಮಹಡಿಯ ಹುಡುಗ ಶೂ ಡಬ್ಬಿಯೊಂದನ್ನು ಎದೆಗವಚಿಕೊಂಡು ಮನೆಗೆ ಬಂದ. ಒಳಗೆ ಅಂಗೈಯಗಲದ ಆಮೆ, ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳ ನಕ್ಷತ್ರ. ‘ಕಾಕಾ, ನಾಲ್ಕು ದಿನದಿಂದ ಏನೂ ತಿಂದಿಲ್ಲ. ಫ್ರಿಜ್ಜಿನಲ್ಲಿಟ್ಟರೆ ಮಲಗುತ್ತದಂತೆ, ಮಾರ್ಚಿಗೆ ಏಳುತ್ತದಂತೆ. ವೀಡಿಯೊದಲ್ಲಿ ನೋಡಿದೆ. ಆಯಿ ಬಿಡ್ತಾ ಇಲ್ಲ, ನೀವು ಹೇಳಿ’ ಎಂದ. ಮಾರ್ಗಶೀರ್ಷದ ಗುರುವಾರಗಳ ಕಾಲದಲ್ಲಿ, ನೈವೇದ್ಯದ ಹಾಲಿನ ಪಕ್ಕ ಆಮೆ ಇಡುತ್ತೇನೆಂದರೆ ಯಾವ ತಾಯಿ ಒಪ್ಪುತ್ತಾಳೆ! ನಾನು ನಗಬೇಕಿತ್ತು. ಶಾಲೆಯಲ್ಲಿ ವಿಜ್ಞಾನ ಕಲಿಸುವವನು ಎಂಬ ಕಾರಣಕ್ಕೆ ನನ್ನ ಬಳಿ ಬಂದಿದ್ದ. ಅವನಿಗೆ ಗೊತ್ತಿರದ ಇನ್ನೊಂದು ಕಾರಣವೂ ಇತ್ತು.

1998ರ ಮಳೆಗಾಲದಲ್ಲಿ ಇದೇ ಶಹಾಡಿನ ನಮ್ಮ ಮನೆಗೂ ಇಂಥದೇ ಆಮೆ ಬಂದಿತ್ತು. ಅಪ್ಪ ಸೆಂಚುರಿ ರೇಯಾನಿನಲ್ಲಿದ್ದರು. ಅಮ್ಮನ ತವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ. ಟೊಮೆಟೊ ಲೋಡಿನೊಂದಿಗೆ ವಾಶಿ ಮಾರುಕಟ್ಟೆಗೆ ಬಂದ ಸೋದರಮಾವ ಕಡಲೆಕಾಯಿ ಹೊಲದಲ್ಲಿ ಸಿಕ್ಕಿದ ಅದನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದ. ವನ್ಯಜೀವಿ ಕಾಯಿದೆ 1972ರಿಂದಲೂ ಇತ್ತು. ನಮಗೆ ಗೊತ್ತಿರಲಿಲ್ಲ ಎಂದರೆ ಅದು ನೆಪ. ಅಮ್ಮನಿಗಂತೂ ಅದು ಆಮೆಯಲ್ಲ, ತವರಿನಿಂದ ಬಂದ ನೆಂಟ. ಗ್ಯಾಲರಿಯಲ್ಲಿ ಮಳೆನೀರು ನಿಂತರೆ ಅದು ಕತ್ತು ಚಾಚಿ ಕುಡಿಯುತ್ತಿತ್ತು. ಅಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನಮ್ಮೊಡನೆ ಎಂದೂ ಆಡದ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅದನ್ನು ಮಾತಾಡಿಸುತ್ತಿದ್ದಳು. ಇಲ್ಲಿನ ಎಷ್ಟೋ ದೇವಸ್ಥಾನಗಳಲ್ಲಿ ಗರ್ಭಗುಡಿಯ ಮುಂದೆ ಕಲ್ಲಿನ ಕಾಸವ ಇರುತ್ತದೆ. ಅದಕ್ಕೇ ಏನೋ, ನೆರೆಯ ಮರಾಠಿ ಅಜ್ಜಿಯರು ಬಂದು ಚಿಪ್ಪು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು.

ಜನವರಿಯಲ್ಲಿ ಅದು ತಿನ್ನುವುದನ್ನು ಬಿಟ್ಟಿತು. ಕಣ್ಣು ಮುಚ್ಚಿ ಮೂಲೆ ಸೇರಿತು. ಅಮ್ಮ ಗಾಬರಿಯಾದಾಗ ಏಳನೇ ಕ್ಲಾಸಿನ ನಾನು ಪಾಠಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ: ಇದು ಶಿಶಿರನಿದ್ರೆ, ಎಬ್ಬಿಸಬಾರದು. ಅಪ್ಪನಿಗೆ ಎಷ್ಟು ಹೆಮ್ಮೆ! ಮಾವಿನಹಣ್ಣಿನ ಮರದ ಪೆಟ್ಟಿಗೆಗೆ ಹುಲ್ಲು ಹಾಸಿ, ಗೋಣಿ ಮುಚ್ಚಿ ಮಂಚದ ಕೆಳಗೆ ತಳ್ಳಿದರು. ಅಮ್ಮ ದಿನಕ್ಕೊಮ್ಮೆಯಾದರೂ ‘ನೋಡೋಣವಾ?’ ಎನ್ನುವಳು. ನಾನು ಬೇಡ ಎನ್ನುವೆ. ಶಿವರಾತ್ರಿಯ ಹೊತ್ತಿಗೆ ತೆಗೆದಾಗ ಅದು ಖಾಲಿ ತೆಂಗಿನ ಚಿಪ್ಪಿನಷ್ಟು ಹಗುರವಾಗಿತ್ತು. ಇನ್ನೂ ಮಲಗಿದೆ ಎಂದು ನಾನು ಮತ್ತೆರಡು ದಿನ ವಾದಿಸಿದೆ. ಮೂರನೆಯ ದಿನ ವಾಸನೆ ಬಂತು. ಉಲ್ಹಾಸ ನದಿಯ ದಂಡೆಯಲ್ಲಿ ಹೂತೆವು. ಅಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಮಾವ ಫೋನು ಮಾಡಿ ಕೇಳಿದಾಗ, ‘ನದಿಗೆ ಬಿಟ್ಟೆವು, ಚೆನ್ನಾಗಿ ಈಜಿಕೊಂಡು ಹೋಯಿತು’ ಎಂದಳು. ನಕ್ಷತ್ರ ಆಮೆ ನೆಲದ ಪ್ರಾಣಿ, ಈಜುವುದಿಲ್ಲ. ಹೊಲದಲ್ಲಿ ಬೆಳೆದ ಮಾವನಿಗೆ ಅದು ಗೊತ್ತಿರದೆ ಇರುತ್ತದೆಯೇ?

ಪುಸ್ತಕ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದು ಬೇರೆ ಆಮೆಗಳ ಕತೆ. ಇಂಗ್ಲೆಂಡಿನ ಸೆಲ್ಬೋರ್ನ್ ಊರಿನ ಪಾದ್ರಿ ಗಿಲ್ಬರ್ಟ್ ವೈಟ್ 1780ರಲ್ಲಿ, ತೀರಿಕೊಂಡ ಅತ್ತೆಯ ಆಮೆಯನ್ನು ಮನೆಗೆ ತಂದ. ಹೆಸರು ಟಿಮೊಥಿ, ಹೆಣ್ಣೆಂದು ಗೊತ್ತಾದದ್ದು ಆಮೇಲೆ. ನವೆಂಬರ್ ನಡುವಿನಲ್ಲಿ ಮಣ್ಣೊಳಗೆ ಹೋಗಿ ಏಪ್ರಿಲ್ ನಡುವಿನಲ್ಲಿ ಮೇಲೆ ಬರುವ ಅದರ ವರ್ತನೆಯನ್ನು ಅವನು ಬರೆದಿಟ್ಟ. ಅದರ ಮೂಲ ಮೆಡಿಟರೇನಿಯನ್ ಸೀಮೆ. ಅಲ್ಲಿಯ ಆಮೆಗಳಿಗೂ ಮಧ್ಯ ಏಷ್ಯಾದ ಆಮೆಗಳಿಗೂ ಚಳಿಗಾಲ ದಾಟಲು ಈ ನಿದ್ದೆ ಹುಟ್ಟಿನಿಂದ ಬಂದದ್ದು. ಅವನ್ನು ಸಾಕುವವರು ಈಗ ಫ್ರಿಜ್ಜಿನಲ್ಲಿ 5 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ. ಅದಕ್ಕೂ ಮೊದಲು ಕೆಲವು ವಾರ ಆಹಾರ ನಿಲ್ಲಿಸಿ ಹೊಟ್ಟೆ ಖಾಲಿ ಮಾಡಿಸುತ್ತಾರೆ, ಇಲ್ಲದಿದ್ದರೆ ತಿಂದದ್ದು ಒಳಗೇ ಕೊಳೆಯುತ್ತದೆ. ಪದೇ ಪದೇ ತೂಕ ನೋಡುತ್ತಾರೆ. ಸೊನ್ನೆಗಿಂತ ಕೆಳಗಿಳಿದರೆ ಕಣ್ಣು ಹೋಗಬಹುದು, ಹತ್ತು ದಾಟಿದರೆ ಅರೆ ಎಚ್ಚರದಲ್ಲಿ ಮೈಯ ಕೊಬ್ಬೆಲ್ಲ ಕರಗುತ್ತದೆ. ಇಷ್ಟು ಕಷ್ಟಪಟ್ಟು ಮಲಗಿಸಬೇಕೇ, ಬೆಚ್ಚಗಿಟ್ಟು ಚಳಿಗಾಲ ಕಳೆಸಬಾರದೇ ಎಂದು ಅವರಲ್ಲೇ ವಾದವಿದೆ. ಆರೋಗ್ಯವಂತ ಮೆಡಿಟರೇನಿಯನ್ ಆಮೆಯಾದರೆ ಮಲಗಲಿ ಎಂದೇ ನನಗೂ ಅನ್ನಿಸುತ್ತದೆ. ಕಾಯಿಲೆಯದನ್ನು ಮಲಗಿಸಬಾರದು ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ.

ನಮ್ಮ ನಕ್ಷತ್ರ ಆಮೆ ಈ ವಾದದ ಒಳಗೇ ಬರುವುದಿಲ್ಲ. ಕೋಲಾರ, ಚಿತ್ತೂರು, ಅತ್ತ ಗುಜರಾತ್, ಕೆಳಗೆ ಶ್ರೀಲಂಕಾದ ಕುರುಚಲು ಕಾಡಿನದು. ಮಳೆ ಬಂದರೆ ಅದಕ್ಕೆ ಹಬ್ಬ. ಬಿಸಿಲು ಅತಿಯಾದರೆ, ಚಳಿಯಾದರೆ ಪೊದೆಯಡಿ ಸುಮ್ಮನಿರುತ್ತದೆ, ಹೊತ್ತೇರಿದ ಮೇಲೆ ಮತ್ತೆ ಹೊರಡುತ್ತದೆ. ತಿಂಗಳುಗಟ್ಟಲೆ ಉಪವಾಸದ ಶಿಶಿರನಿದ್ರೆ ಅದರ ಬದುಕಿನಲ್ಲಿಲ್ಲ. ಶಹಾಡಿನ ಚಳಿಯೋ, ಮಲಗಿಸುವಷ್ಟು ಚಳಿಯಲ್ಲ, ಉಂಡದ್ದನ್ನು ಅರಗಿಸುವಷ್ಟು ಬೆಚ್ಚಗೂ ಇರುವುದಿಲ್ಲ, ಬಿಸಿಲು ಬೀಳದ ಟೈಲ್ಸ್ ನೆಲದ ಮೇಲಂತೂ. ಮಂಚದ ಕೆಳಗಿನ ಆ ಪೆಟ್ಟಿಗೆಯಲ್ಲಿ ನಮ್ಮ ಆಮೆ ಮಲಗಿರಲಿಲ್ಲ. ಹಸಿದು, ಬಹುಶಃ ಕಾಯಿಲೆ ಬಿದ್ದು, ಎಚ್ಚರವಾಗಿಯೇ ಇತ್ತು.

ಹುಡುಗನ ಆಮೆಯ ಮೂಗಿನಲ್ಲಿ ಗುಳ್ಳೆ ಕಂಡೆ. ಶ್ವಾಸಕೋಶದ ಸೋಂಕಿನ ಲಕ್ಷಣ. ಅವತ್ತೇ ಪಶುವೈದ್ಯರಲ್ಲಿಗೆ ಕರೆದೊಯ್ದೆವು. ಔಷಧಿಗಿಂತ ಮೊದಲು ಶಾಖ ಬೇಕು ಎಂದರು. ಹಗಲು ಬಲ್ಬಿನ ಕೆಳಗೆ, ತಗ್ಗು ತಟ್ಟೆಯ ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಸ್ವಲ್ಪ ಹೊತ್ತು. ಆರನೆಯ ದಿನ ಹುಲ್ಲಿನ ಎಳೆಯೊಂದನ್ನು ಕಚ್ಚಿತು.

ಆಮೇಲೆ ಕಷ್ಟದ ಮಾತನ್ನು ಆಡಬೇಕಾಯಿತು. 2022ರ ತಿದ್ದುಪಡಿಯ ನಂತರ ನಕ್ಷತ್ರ ಆಮೆ ಮೊದಲ ಅನುಸೂಚಿಯಲ್ಲಿದೆ, ಹುಲಿಯ ಸಾಲಿನಲ್ಲಿ. ಹುಡುಗನ ಅಪ್ಪ ಕೇಸಿಗೆ ಹೆದರಿ, ರಾತ್ರಿ ಎಲ್ಲಾದರೂ ಪೊದೆಗೆ ಬಿಟ್ಟುಬಿಡೋಣ ಎಂದರು. ಅದು ಯಾವ ಸೀಮೆಯದೋ, ಯಾವ ರೋಗ ಹೊತ್ತಿದೆಯೋ, ಹಾಗೆ ಬಿಡುವುದು ಎರಡನೆಯ ತಪ್ಪು ಎಂದೆ. ಕೊನೆಗೆ ನಾನೂ ಜೊತೆಗೆ ಹೋಗಿ ಅರಣ್ಯ ಇಲಾಖೆಗೆ ಒಪ್ಪಿಸಿದೆವು. ‘ಅಲ್ಲಿ ಇದನ್ನು ಮಲಗಿಸುತ್ತಾರಾ ಕಾಕಾ?’ ಎಂದು ಹುಡುಗ ದಾರಿಯುದ್ದಕ್ಕೂ ಕೇಳಿದ. ಖಾಲಿ ಶೂ ಡಬ್ಬಿಯನ್ನು ವಾಪಸು ತಂದ.

ರಾತ್ರಿ ಶ್ರೀನಿವಾಸಪುರಕ್ಕೆ ಫೋನು ಮಾಡಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು, ‘ಕೊಡುವಾಗ ತಿನ್ನುತ್ತಿತ್ತಾ?’ ಎಂದಳು.

ತಿನ್ನುತ್ತಿತ್ತು ಎಂದೆ.