ಮನೀ ಮಾತು ಯಾರದು?

ನಮ್ಮ ಅತ್ತಿಮನಿಯವರ ವಾಟ್ಸಾಪ್ ಗ್ರೂಪಿನಾಗ ಒಟ್ಟು 47 ಮಂದಿ ಇದ್ದೀವಿ. ಧಾರವಾಡ, ಹುಬ್ಬಳ್ಳಿ, ಗದಗ, ಬಾಗಲಕೋಟಿ, ಪುಣೆ, ಬೆಂಗಳೂರು, ಅಮೆರಿಕಾದಾಗೂ ಒಂದು ಮನಿ. ಮುಂಜಾನೆ ಐದೂವರಿಗೆ ಸಣ್ಣ ಕಾಕಾ ರಾಯರ ಫೋಟೋ ಹಾಕಿದ್ರಂದ್ರ ಅದೇ ನಮಗೆಲ್ಲಾ ಸುಪ್ರಭಾತ. ಅದರ ಹಿಂದ ಪಂಚಾಂಗ, ಮಂಡಿನೋವಿಗೆ ಮೆಂತ್ಯದ ಮದ್ದು, ಯಾರದರೆ ಮೊಮ್ಮಗ ಹೆಜ್ಜಿ ಇಡೋ ವಿಡಿಯೋ. ಊಟ ಆಗಿ ಗಂಡಸರು ಒಂದು ನಿದ್ದಿ ತಗದು ಎದ್ರಂದ್ರ ರಾಜಕೀಯ ಚಾಲೂ. ರಾತ್ರಿ ಹತ್ತಕ್ಕ ಒಬ್ಬರಿಗೊಬ್ಬರು ಕೈ ಮುಗಿಯೋ ಇಮೋಜಿ ಹಾಕಿ ಮುಗಸ್ತಾರ. ಆ ಕೈ ಮುಗಿಯೂದು ನಮಸ್ಕಾರ ಅಲ್ಲ, 'ಸಾಕಪ್ಪಾ ನಿನ್ನ ಸಹವಾಸ' ಅಂತ. ಅದು ನಿಮಗೂ ಗೊತ್ತದ.

ನಾವು ಹೆಣ್ಣುಮಕ್ಕಳು ಈ ಜಗಳದಾಗ ಮಾತಾಡೂದು ಕಡಿಮಿ. ಹಂಗಂತ ಓದೂದಿಲ್ಲಂತಲ್ಲ. ಕುಕ್ಕರ್ ಮೂರನೇ ಸೀಟಿ ಹೊಡಿಯೂದ್ರೊಳಗ ಎಲ್ಲಾ ಓದಿ ಮುಗಸಿರ್ತೀವಿ. ನಮ್ಮ ನೆಗೆಣ್ಣಿ ಅಂತೂ ಸಂಜಿಮುಂದ ಫೋನ್ ಮಾಡಿ 'ಇವತ್ತಿನ ಕುಸ್ತ್ಯಾಗ ಯಾರು ಗೆದ್ರು' ಅಂತ ಕೇಳ್ತಾಳ.

ಈ ಕುಸ್ತ್ಯಾಗ ವರ್ಷಾವರ್ಷ ತಿರುಗಿ ಬರೋ ವಿಷಯ ಒಂದದ. ಅದು ಪ್ರೈವಸಿ. ಪೇಪರಿನಾಗ ಖಾಸಗಿತನ ಅಂತ ಬರೀತಾರ. 2021ರ ಜನವರ್ಯಾಗ ವಾಟ್ಸಾಪಿನವರು ಹೊಸಾ ನಿಯಮ ಒಪ್ಕೋರಿ ಅಂತ ಎಲ್ಲಾರ ಫೋನಿಗೂ ಕಳಿಸಿದ್ರಲ್ಲ, ನೆನಪದ ಏನು? ಆವಾಗ ಬೆಂಗಳೂರಿನ ಮೈದುನ ಒಂದು ಉದ್ದನ್ನ ಮೆಸೇಜ್ ಬರದಾ. ನಮ್ಮ ಮಾಹಿತಿ ಫೇಸ್‌ಬುಕ್ ಕೈಗೆ ಹೋಗ್ತದ, ಎಲ್ಲಾರೂ ಸಿಗ್ನಲ್‌ಗೆ ಬರ್ರಿ ಅಂತ. ನಮ್ಮ ಭಾವನವರು 'ಮುಚ್ಚಿಡಲಿಕ್ಕೆ ನಮ್ಮ ಹತ್ರ ಏನದ? ಕಳ್ಳತನ ಮಾಡಿದಂವಗ ಅಂಜಿಕಿ' ಅಂದ್ರು. ಎಂಟು ದಿನ ನಡೀತು. ಹನ್ನೊಂದು ಮಂದಿ ಸಿಗ್ನಲ್‌ಗೆ ಹೋದ್ರು. ಅಲ್ಲಿ ರಾಯರ ಫೋಟೋ ಹಾಕವರು ಯಾರೂ ಇರ್ಲಿಲ್ಲ. ಯುಗಾದಿಯೊಳಗ ಎಲ್ಲಾರೂ ತಿರುಗಿ ಬಂದ್ರು.

ಆದ್ರ ಮೈದುನ ಆವಾಗ ಒಂದು ಮಾತು ಚೊಲೋ ತಿಳಿಸಿ ಹೇಳಿದ್ದಾ. ವಾಟ್ಸಾಪಿಗೆ 2016ರಿಂದ ಒಂದು ಬೀಗ ಅದ. ನಾ ಕಳಿಸಿದ್ದು ನಿಮ್ಮ ಫೋನಿಗೆ ಬಂದು ಮುಟ್ಟೋತನಕ ನಡುವಿನವರು ಯಾರೂ, ಕಂಪನಿಯವರು ಸೈತ, ಓದ್ಲಿಕ್ಕೆ ಬರೂದಿಲ್ಲ. ಯಾರು ಯಾರಿಗೆ, ಯಾವಾಗ ಕಳಿಸಿದ್ರು ಅನ್ನೋದು ಮಾತ್ರ ಆ ಬೀಗದೊಳಗ ಬರೂದಿಲ್ಲ. ಲಕೋಟಿ ಒಳಗಿನ ಕಾಗದ ಕಾಣೂದಿಲ್ಲ, ಮ್ಯಾಲಿನ ವಿಳಾಸ ಕಾಣ್ತದ, ಅಷ್ಟ. ನನಗ ಆವಾಗ ಹೊಳೀತು, ಈ ಬೀಗ ಇರೂದು ಹಾದಿಗೆ. ಮನಿ ಮುಟ್ಟಿದ ಮ್ಯಾಲೆ ಬೀಗ ಇಲ್ಲ. ನಮ್ಮ ಗ್ರೂಪಿನಾಗ ಒಂದು ಮಾತು ಹಾಕಿದ್ರ 47 ಬಾಗಲಾ ಒಮ್ಮೆಲೇ ತೆರೀತಾವ.

ಇದಕ್ಕಿಂತ ದೊಡ್ಡ ಕುಸ್ತಿ ಅಂದ್ರ ಆಧಾರದ್ದು. ಆಧಾರ್ ಚಾಲೂ ಆಗಿದ್ದು ಮನಮೋಹನ ಸಿಂಗರ ಕಾಲಕ್ಕ. ನಮ್ಮ ಬೆಂಗಳೂರಿನ ನಂದನ್ ನಿಲೇಕಣಿ ಅದರ ಮೊದಲಿನ ಅಧ್ಯಕ್ಷರು. 2010ರ ಸೆಪ್ಟೆಂಬರದಾಗ ಮಹಾರಾಷ್ಟ್ರದ ನಂದುರಬಾರ ಜಿಲ್ಲಾ, ಟೆಂಭ್ಲಿ ಅನ್ನೋ ಹಳ್ಳ್ಯಾಗ ಮೊದಲನೇ ನಂಬರು ಕೊಟ್ರು, ಅದೂ ಒಬ್ಬ ಹೆಣ್ಣುಮಗಳಿಗೇ. ಆವಾಗ ಇದು ಬ್ಯಾಡ ಅಂದವರೇ ಮುಂದ ಅಧಿಕಾರಕ್ಕ ಬಂದು 2016ರಾಗ ಕಾಯ್ದೆ ಮಾಡಿದ್ರು. ಚಾಲೂ ಮಾಡಿದ್ದ ಪಾರ್ಟಿಯವರು ಆ ಕಾಯ್ದೆಗೆ ತಕರಾರು ತಗದ್ರು. ನಮ್ಮ ಗ್ರೂಪಿನಾಗೂ ಹಂಗ. ತಮ್ಮ ಪಾರ್ಟಿ ಕೇಳಿದ್ರ 'ದೇಶದ ಸಲುವಾಗಿ ಕೊಡಬೇಕು', ಎದುರಿನ ಪಾರ್ಟಿ ಕೇಳಿದ್ರ 'ನಮ್ಮ ಮನ್ಯಾಗ ಹಣಿಕಿ ಹಾಕ್ತಾರ'. ಪ್ರೈವಸಿ ಅನ್ನೋದು ಇವರಿಗೆ ಮಳಿಗಾಲದ ಛತ್ರಿ ಇದ್ದಂಗ, ಮಳಿ ಬಂದಾಗಷ್ಟ ನೆನಪಾಗ್ತದ.

ಈ ಗದ್ದಲದಾಗ ಕೋರ್ಟಿಗೆ ಹೋದವರ ಪೈಕಿ ಕೇಸಿಗೆ ಹೆಸರು ಬಂದದ್ದು ನಮ್ಮ ಕರ್ನಾಟಕದ ಹೈಕೋರ್ಟಿನಾಗ ನ್ಯಾಯಮೂರ್ತಿ ಆಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರಿಂದ. 2012ರಾಗ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ವಯಸ್ಸಿನಾಗ ನಮ್ಮ ಮನಿ ಹಿರೇರು ಟಿವಿ ರಿಮೋಟಿನ ಸಲುವಾಗಿ ಜಗಳ ಮಾಡ್ತಾರ, ಅವರು ಸರಕಾರದ ಮ್ಯಾಲೆ ಸುಪ್ರೀಂ ಕೋರ್ಟಿಗೆ ಹೋದ್ರು. 2017ರ ಆಗಸ್ಟ್ 24ಕ್ಕ ಒಂಬತ್ತೂ ಮಂದಿ ನ್ಯಾಯಮೂರ್ತಿಗಳು ಒಂದೇ ಮಾತಿನಿಂದ, ಖಾಸಗಿತನ ಮೂಲಭೂತ ಹಕ್ಕು ಅಂದ್ರು. ಮುಂದಿನ ವರ್ಷ ಸೆಪ್ಟೆಂಬರದಾಗ ಐದು ಮಂದಿ ಪೀಠದಾಗ ನಾಲ್ಕು ಮಂದಿ ಆಧಾರ್ ಇರ್ಲಿ ಅಂದ್ರು, ಪ್ಯಾನ್ ಕಾರ್ಡಿಗೂ ಜೋಡಸ್ರಿ ಅಂದ್ರು. ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್ಮಿಗೆ ಜೋಡಸೂದು ಮಾತ್ರ ಕಡ್ಡಾಯ ಅಲ್ಲ ಅಂತ ಆತು.

2024ರ ಅಕ್ಟೋಬರದಾಗ ಪುಟ್ಟಸ್ವಾಮಿಯವರು 98ನೇ ವಯಸ್ಸಿನಾಗ ತೀರಿಕೊಂಡ ಸುದ್ದಿ ಗ್ರೂಪಿಗೆ ಬಂತು. ಓಂ ಶಾಂತಿ ಅಂತ ಹಾಕಿ ಸುಮ್ಮನ ಇರಬೇಕಿಲ್ಲೋ? ಅಲ್ಲಿಂದ ಮತ್ತ ಕುಸ್ತಿ. ದೀಪಾವಳಿ ಹೊತ್ತು. ನಾವು ಒಳಗ ಚಕ್ಕಲಿ ಕರಿಯೂದು, ಇವರು ಹೊರಗ ಒಬ್ಬರನ್ನೊಬ್ಬರು ಕರಿಯೂದು. ನೀನು ದೇಶದ್ರೋಹಿ, ನೀನು ಭಕ್ತ, ನೀನು ಗುಲಾಮ. ಅಣ್ಣತಮ್ಮಂದಿರು ಆಡೋ ಮಾತಾ ಅವು?

ಪಾಡ್ಯದ ದಿನಾ ಭಾವನವರು ಜಗಳದ ನಡುವ ಒಂದು ಫೋಟೋ ಹಾಕಿದ್ರು. ಅವರ ಸೊಸಿದು ಸ್ಕ್ಯಾನಿಂಗ್ ರಿಪೋರ್ಟ್. ಹೆಸರು, ವಯಸ್ಸು, ಎಷ್ಟು ವಾರ ಆಗ್ಯಾವ, ಹೆರಿಗಿ ಯಾವಾಗ, ಎಲ್ಲಾ ಕಾಣೂಹಂಗ. ಮ್ಯಾಲೆ 'ನಮ್ಮ ಮನಿಗೆ ರಾಯರ ಪ್ರಸಾದ' ಅಂತ ಬರದಿದ್ರು. ಮನಸ್ಸಿನಾಗ ಕೆಟ್ಟದ್ದೇನೂ ಇಲ್ಲ ಬಿಡ್ರಿ, ಅಜ್ಜ ಆಗೋ ಸಂಭ್ರಮ. ಐದು ನಿಮಿಷದಾಗ ಮೂವತ್ತು ಆಶೀರ್ವಾದ ಬಂದ್ವು. ಆ ಹುಡುಗಿ ತನ್ನ ಅವ್ವಗ, ಅತ್ತಿಗೆ, ಗಂಡಗ ಬಿಟ್ಟರ ಯಾರಿಗೂ ಹೇಳಿರ್ಲಿಲ್ಲ. ಮೂರು ತಿಂಗಳು ತುಂಬಲಿ ಅಂತ ಕಾಯ್ಲಿಕ್ಕೆ ಹತ್ತಿದ್ಲು.

ತುಂಬಲಿಲ್ಲ. ಹುಣ್ಣಿವಿ ಆಗಿ ನಾಲ್ಕು ದಿನಕ್ಕ ಹೋತು.

ಹೆಣ್ಣುಮಕ್ಕಳಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ. ನಮ್ಮೊಳಗ ಎಷ್ಟೋ ಮಂದಿ ಇದನ್ನ ನುಂಗಿಕೊಂಡು ಮರುದಿನಾ ರೊಟ್ಟಿ ಬಡಿದೀವಿ. ಆದ್ರ ನಮ್ಮ ಕಾಲಕ್ಕ ನುಂಗಲಿಕ್ಕೆ ಒಂದು ಮೂಲಿ ಇತ್ತು. ಈ ಹುಡುಗಿಗೆ ಆ ಮೂಲೀನೂ ಉಳೀಲಿಲ್ಲ. 47 ಮಂದಿಗೆ ಗೊತ್ತಿತ್ತಲ್ಲ, 47 ಮಂದಿಗೂ ಉತ್ತರ ಬೇಕಾತು. ಒಬ್ಬರು ಪಪ್ಪಾಯಿ ತಿಂದ್ಯಾ ಅಂತ, ಒಬ್ಬರು ಸ್ಕೂಟರ್ ಯಾಕ ಹೊಡದಿ ಅಂತ, ಒಬ್ಬರು ಸರ್ಪದೋಷ ಇರಬೇಕು ಕುಕ್ಕೆಗೆ ಹೋಗಿ ಬರ್ರಿ ಅಂತ. ಐದನೇ ದಿನಾ ಅಕೀ ಗ್ರೂಪ್ ಬಿಟ್ಲು. ಬಿಟ್ಟಾಳ ಅನ್ನೋದು ಗೊತ್ತಾತು. ಅದರ ಮ್ಯಾಲೆ ಚರ್ಚಾ ಚಾಲೂ ಆತು. ಹಿರೇರಿಗೆ ಅವಮಾನ ಆತು ಅಂತ.

ಆ ರಾತ್ರಿ ನಾ ನಮ್ಮ ಅತ್ಯಾನ ಕಾಲು ಒತ್ಕೋತ ಕೂತಿದ್ದೆ. ಅವರು ತಮ್ಮ ಕಾಲದ್ದೊಂದು ಹೇಳಿದ್ರು. ಅವರಿಗೆ ತವರಮನಿಯಿಂದ ಇನ್ಲ್ಯಾಂಡ್ ಪತ್ರ ಬಂದ್ರ ಮೊದಲು ಅವರ ಮಾವನವರು ಕಟ್ಟಿ ಮ್ಯಾಲೆ ಕೂತು ಒಡದು ಓದ್ತಿದ್ರಂತ, ಆಮ್ಯಾಲೆ ಒಳಗ ಬರ್ತಿತ್ತಂತ. ಅದಕ್ಕ ಅವರ ಅವ್ವ ಪತ್ರದಾಗ ಎಲ್ಲಾ 'ಕ್ಷೇಮ' ಅಂತಲೇ ಬರಸ್ತಿದ್ರು. ಕ್ಷೇಮ ಇಲ್ಲದಾಗ ಎಮ್ಮಿ ಸುದ್ದಿ ಬರಸ್ತಿದ್ರಂತ. 'ಎಮ್ಮಿ ಹಾಲು ಕಡಿಮಿ ಮಾಡೇದ' ಅಂದ್ರ ಅಪ್ಪಗ ಆರಾಮಿಲ್ಲ. 'ಎಮ್ಮಿ ಈಯ್ಲಿಲ್ಲ' ಅಂದ್ರ ತಂಗಿದು ಬಸಿರು ನಿಲ್ಲಲಿಲ್ಲ. ಮಾವನವರು ಓದಿ 'ಬೀಗರ ಎಮ್ಮಿ ಬಾಳ ತ್ರಾಸ ಕೊಡ್ತದ' ಅಂತಿದ್ರಂತ. ನಾನೂ ನಕ್ಕೆ, ಅತ್ಯಾನೂ ನಕ್ರು. ನಕ್ಕಾದ ಮ್ಯಾಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ವಾಟ್ಸಾಪಿನವರಿಗಿಂತ ಎಷ್ಟೋ ವರ್ಷ ಮೊದಲ ಸಾಲಿ ಕಲೀದ ಹೆಣ್ಣುಮಕ್ಕಳು ತಮ್ಮ ಮಾತಿಗೆ ತಾವೇ ಬೀಗ ಮಾಡಿಕೊಂಡಿದ್ರು.

ಮರುದಿನ ನಾ ಗ್ರೂಪಿನಾಗ ಬರದೆ. ಮೊದಲನೇ ಸಲ. 'ನೀವೆಲ್ಲಾ ದೊಡ್ಡವರು ಮೂರು ವಾರದಿಂದ ಖಾಸಗಿತನದ ಬಗ್ಗೆ ಜಗಳ ಮಾಡ್ತೀರಿ. ನೀವು ಹೇಳೋ ತೀರ್ಪಿನಾಗ ಬರೇ ನಂಬರಿನ ಮಾತಿಲ್ಲ. ಮೈ, ಮದುವಿ, ಮಕ್ಕಳನ್ನ ಹಡಿಯೋದು, ಮನಿ ಒಳಗಿನ ಬದುಕು, ಎಲ್ಲಾ ಖಾಸಗಿನೇ ಅಂತ ಅದ. ಸರಕಾರ ನಮ್ಮ ಹೆಬ್ಬಟ್ಟು ಕೇಳಿದ್ದಕ್ಕ ಇಷ್ಟು ಸಿಟ್ಟು ಬಂತು. ನಮ್ಮ ಹುಡುಗಿ ಹೊಟ್ಟಿ ಒಳಗಿನ ಚಿತ್ರಾ ಹಾಕೋಕಿಂತ ಮೊದಲ ಅಕೀನ್ನ ಯಾರರೆ ಕೇಳಿದ್ರೇನು?' ಅಂತ.

ಒಂದು ತಾಸು ಯಾರೂ ಪಿಟ್ಟೆನ್ನಲಿಲ್ಲ. ಆಮ್ಯಾಲೆ ಭಾವನವರು 'ಮನಿಯವರ ಮುಂದ ಎಂಥಾ ಮುಚ್ಚುಮರಿ? ನಾ ಏನು ಹೊರಗಿನಂವನಾ?' ಅಂತ ಬರದ್ರು. ಸಣ್ಣ ಕಾಕಾ 'ಹೆಣ್ಣುಮಕ್ಕಳು ಹಿರೇರಿಗೆ ಹಿಂಗ ಬರೀಬಾರದು' ಅಂದ್ರು. ಯಾವ ಪಾರ್ಟಿಯವರೂ ನನ್ನ ಕಡೆ ಬರ್ಲಿಲ್ಲ. ಸಿಗ್ನಲ್ ಮೈದುನ ಸೈತ ಗಪ್‌ಚಿಪ್. ಅಷ್ಟೊತ್ತಿಗೆ ಅತ್ಯಾ ನನ್ನ ಫೋನು ಇಸ್ಕೊಂಡು ವಾಯ್ಸ್ ಮೆಸೇಜ್ ಹಾಕಿದ್ರು. 'ಬಸಿರು ಅಕೀದು, ಸುದ್ದೀನೂ ಅಕೀದು. ಹೇಳಬೇಕು ಅನ್ನಿಸಿದಾಗ ಅಕೀನೇ ಹೇಳ್ತಾಳ. ನಾ 84 ವರ್ಷದಾಕಿ ಹೇಳೀನಿ, ಮುಗೀತು.' ಅವ್ವನ ದನಿ ಕೇಳಿದ ಮ್ಯಾಲೆ ಭಾವನವರು ಆ ಫೋಟೋ ತಗೀಲಿಕ್ಕೆ ನೋಡಿದ್ರು. ಬರಲಿಲ್ಲ. ಎರಡೂವರಿ ದಿನ ದಾಟಿದ್ರ ಎಲ್ಲಾರ ಫೋನಿನಿಂದ ಅಳಸ್ಲಿಕ್ಕೆ ಬರೂದಿಲ್ಲಂತ. ಕಡೀಕ 'ದಯವಿಟ್ಟು ಎಲ್ಲಾರೂ ನಿಮ್ಮ ನಿಮ್ಮ ಫೋನಿನಾಗ ಅಳಸ್ರಿ' ಅಂತ ಅವರೇ ಬರದ್ರು. ಅಷ್ಟು ಬರೀಲಿಕ್ಕೆ ಅವರಿಗೆ ಎಷ್ಟು ಕಷ್ಟ ಆಗಿರ್ಬೇಕು ಅನ್ನೋದು ನನಗ ಗೊತ್ತದ.

ಈಗ ನಿಮ್ಮೊಳಗ ಒಬ್ಬರರೆ ಕೇಳ್ತೀರಿ, 'ಮನೀ ಮಾತು ಮನ್ಯಾಗ ಇರ್ಬೇಕು' ಅಂತ ಮೊದಲಿನಿಂದ ಹೇಳ್ಕೋತ ಬಂದಾರಲ್ಲಾ, ಇದೂ ಅದೇ ಅಲ್ಲೇನು ಅಂತ. ಅಲ್ಲ. ಆ ಮಾತಿನ ಕೆಳಗ ಎಷ್ಟು ಹೆಣ್ಣುಮಕ್ಕಳ ಬೆನ್ನಿನ ಬಾಸುಂಡಿ ಮುಚ್ಚಿ ಹೋಗ್ಯಾವ ಅನ್ನೋದು ನಮ್ಮ ಓಣಿಗೇ ಗೊತ್ತದ. ಹೊಡೆಸಿಕೊಂಡಾಕಿ ಹೊರಗ ಬಂದು ಹೇಳಿದ್ರ ಮನಿ ಮಾನ ಹೋತು ಅಂತಾರ, ಅದೇ ಮಂದಿ ಅಕೀ ರಿಪೋರ್ಟ್ ಹಂಚಿದ್ರ ಪ್ರೀತಿ ಅಂತಾರ. ಖಾಸಗಿತನದ ಹೆಸರಿನಾಗ ಹೆಣ್ಣುಮಕ್ಕಳ ಮ್ಯಾಲಿನ ದಬ್ಬಾಳಿಕಿ ಮುಚ್ಚಿಡಬಾರದು ಅಂತ ಆ 2017ರ ತೀರ್ಪಿನಾಗೂ ಬರದಾರ. ನನಗ ತಿಳಿದಷ್ಟು ಲೆಕ್ಕ ಇಷ್ಟ. ಗುಟ್ಟು ಯಾರದೋ, ಮುಚ್ಚೋ ಹಕ್ಕು ಅವರದು, ಬಿಚ್ಚೋ ಹಕ್ಕೂ ಅವರದು. ಮನಿಗೆ ಬಾಯಿಲ್ಲ, ಮನುಷ್ಯಾರಿಗೆ ಅದ.

ಸಂಕ್ರಾಂತಿಗೆ ಎಲ್ಲಾರೂ ಕೂಡಿದಾಗ ಎಳ್ಳುಬೆಲ್ಲದ ಜೋಡಿ ನಾವು ಹೆಣ್ಣುಮಕ್ಕಳು ಕೆಲವು ಮಾತು ಖಟ್ಟಿ ಮಾಡಿದ್ವಿ. ದವಾಖಾನಿ ಕಾಗದ ಗ್ರೂಪಿಗೆ ಬ್ಯಾಡ. ವರಾ ನೋಡೋ ಹುಡುಗಿ ಫೋಟೋ ಅಕೀನ್ನ ಕೇಳದ ಹಾಕೂದು ಬ್ಯಾಡ. ಆಧಾರ್ ಕಾರ್ಡಿನ ಫೋಟೋ ಅಂತೂ ಯಾರಿಗೂ ಬ್ಯಾಡ; ಕೊಡ್ಲೇಬೇಕಂದ್ರ ಕಡೀ ನಾಲ್ಕು ಅಂಕಿ ಅಷ್ಟ ಕಾಣೋ ಮಾಸ್ಕ್ಡ್ ಆಧಾರ್ ಸಿಗ್ತದ, ಆಧಾರ್ ವೆಬ್‌ಸೈಟಿನಾಗ ಇಳಿಸಿಕೊಳ್ಳಲಿಕ್ಕೆ ಬರ್ತದ. 2023ರಾಗ ನಮ್ಮ ರಾಜ್ಯದಾಗ ಆಸ್ತಿ ಕಾಗದದ ಮ್ಯಾಲಿನ ಹೆಬ್ಬಟ್ಟಿನ ಗುರ್ತು ಕದ್ದು ಬ್ಯಾಂಕಿನ ರೊಕ್ಕ ತಗದ ಪ್ರಕರಣ ಆದ್ವಲ್ಲ, ಅದಕ್ಕ ಬಯೋಮೆಟ್ರಿಕ್ ಲಾಕ್ ಮಾಡೋದನ್ನೂ ಮೈದುನ ಕೂತು ಎಲ್ಲಾರಿಗೂ ಕಲಿಸಿದಾ. ರೊಕ್ಕ ಹೋದ್ರ ತಡಾ ಮಾಡದ 1930ಕ್ಕ ಫೋನ್ ಮಾಡಬೇಕು, ಗೃಹಲಕ್ಷ್ಮಿ ಎರಡು ಸಾವಿರ ಬರೋ ಖಾತೆ ಇದ್ದವರು ಇದನ್ನ ಫ್ರಿಜ್ ಮ್ಯಾಲೆ ಬರದು ಹಚ್ಚಿರ್ರಿ.

ಗ್ರೂಪಿನಾಗ ರಾಜಕೀಯ ನಿಂತಿಲ್ಲ, ನಿಲ್ಲೂದೂ ಇಲ್ಲ. ಆ ಹುಡುಗಿ ಇನ್ನೂ ತಿರುಗಿ ಗ್ರೂಪಿಗೆ ಬಂದಿಲ್ಲ, ನಾನೂ ಬಾ ಅಂತ ಅಂದಿಲ್ಲ. ಬೇಕಾದವರಿಗೆ ತಾನೇ ಫೋನ್ ಮಾಡ್ತಾಳ. ಇದನ್ನ ಬರಿಯೋಕಿಂತ ಮೊದಲ ಅಕೀನ್ನ ಕೇಳೀನಿ, ಬರದಾದ ಮ್ಯಾಲೆ ಪೂರಾ ಓದಿ ಹೇಳೀನಿ. ಎರಡು ಸಾಲು ಬ್ಯಾಡ ಕಾಕು ಅಂದ್ಲು. ತಗದೀನಿ. ಅವು ಏನು ಅಂತ ನೀವೂ ಕೇಳಬ್ಯಾಡ್ರಿ.