ಗಿರಣಿಯ ಹಿಟ್ಟು ಮತ್ತು ಕ್ವೇಸಾರ್

ನಮ್ಮ ಅಪ್ಪ ಊರಿನ ಹಿಟ್ಟಿನ ಗಿರಣಿ ನಡೆಸುತ್ತಾರೆ. ಬೆಳಿಗ್ಗೆ ನಾನೂ ಅಲ್ಲಿ ಕೆಲಸ ಮಾಡಿ ಶಾಲೆಗೆ ಬರುತ್ತೇನೆ. ತಲೆ ಮೇಲೆ ಹಿಟ್ಟು ಕೂತಿರುತ್ತೆ. ಕೆಲವರು 'ಬಿಳಿ ಅಜ್ಜ' ಅಂತ ರೇಗಿಸುತ್ತಾರೆ. ಒಂದು ದಿನ ಬೇಜಾರಾಗಿ ಇನ್ನು ಗಿರಣಿಗೆ ಬರಲ್ಲ ಅಂತ ಹಟ ಮಾಡಿದೆ. ಅಪ್ಪ ಏನೂ ಅನ್ನಲಿಲ್ಲ.

ಅವತ್ತೇ ವಿಜ್ಞಾನದ ಮೇಷ್ಟ್ರು ಕ್ವೇಸಾರ್ ಬಗ್ಗೆ ಹೇಳಿದರು. ದೂರದ ಗೆಲಾಕ್ಸಿಯ ನಡುವೆ ದೊಡ್ಡ ಕಪ್ಪು ರಂಧ್ರ ಇರುತ್ತದೆ. ಅದರ ಕಡೆಗೆ ಬೀಳುವ ಅನಿಲ ಸುತ್ತುತ್ತಾ ಕಾದು ಹೊಳೆಯುತ್ತದೆ. ಅದೇ ಕ್ವೇಸಾರ್. 1963ರಲ್ಲಿ ಮಾರ್ಟೆನ್ ಶ್ಮಿಟ್ ಎಂಬ ವಿಜ್ಞಾನಿ 3ಸಿ 273 ಎಂಬ ಕ್ವೇಸಾರ್ ಬಹಳ ದೂರದ್ದೆಂದು ಕಂಡುಹಿಡಿದರು. ಅದರ ಬೆಳಕು ನಮಗೆ ತಲುಪಲು ಸುಮಾರು 200 ಕೋಟಿ ವರ್ಷ ಬೇಕು.

"ಕಪ್ಪು ರಂಧ್ರ ಎಲ್ಲಾ ನುಂಗುತ್ತೆ ಅಲ್ವಾ ಸಾರ್?" ಅಂದೆ.

"ಗಿರಣಿಗೆ ಹಾಕಿದ್ದೆಲ್ಲಾ ಡಬ್ಬಕ್ಕೇ ಬೀಳುತ್ತೇನೋ? ಸ್ವಲ್ಪ ಹಾರಲ್ವಾ? ಹಾಗೇ ಸ್ವಲ್ಪ ಅನಿಲ ಒಳಗೆ ಬೀಳೋ ಮೊದಲೇ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಹೊರಗೆ ಹಾರುತ್ತೆ" ಅಂದರು.

ಹಾರುವ ಅನಿಲ ಕ್ವೇಸಾರಿನ ನೇರಳಾತೀತ ಬೆಳಕಿನ ಕೆಲವು ಭಾಗ ಹೀರುತ್ತದೆ. ರೋಹಿತದಲ್ಲಿ ಅಲ್ಲಿ ಕಪ್ಪು ಗೆರೆ ಬೀಳುತ್ತದೆ. ಗೆರೆ ಎಷ್ಟು ಸರಿದಿದೆ ಎಂದು ಅಳೆದರೆ ವೇಗ ಗೊತ್ತಾಗುತ್ತದೆ. ಈ ಬೆಳಕನ್ನು ಓಝೋನ್ ತಡೆಯುವುದರಿಂದ, 1990ರಲ್ಲಿ ಹಾರಿಸಿದ ಹಬಲ್ ದೂರದರ್ಶಕದಿಂದ ವಾತಾವರಣದ ಮೇಲಿನಿಂದಲೇ ಅಳೆದರು.

ಮರುದಿನ ಗಿರಣಿಗೆ ಹೋದೆ. ಹೆಂಚಿನ ಸಂದಿಯಿಂದ ಬಂದ ಬಿಸಿಲಿನಲ್ಲಿ ಹಿಟ್ಟು ಹಾರುತ್ತಿತ್ತು. ಅಪ್ಪನಿಗೆ ಎಲ್ಲಾ ಹೇಳಿದೆ. "ಅಲ್ಲೂ ಗಿರಣಿ ಐತೇನ್ಲಾ?" ಅಂತ ನಕ್ಕರು.

ಗೆಳೆಯರೇ, ಈಗ ಯಾರು ರೇಗಿಸಿದರೂ ನನಗೆ ಬೇಜಾರಿಲ್ಲ.